ಎಳೆ ಹೀರಲು ದೊಡ್ಡ ಮೋಟರ್ ಬೇಕಿಲ್ಲ

ರೆಕಾರ್ಡ್ ಕತ್ತರಿಸಲು, ಅಂದರೆ ಖಾಲಿ ಡಿಸ್ಕಿನಲ್ಲಿ ಸೂಜಿಯಿಂದ ಸಂಗೀತದ ಗೀರು ಕೊರೆಯಲು, ಹೊಸದಾಗಿ ಲೇತ್ ಯಂತ್ರ ಹೂಡಿದವರ ದೂರು ಬಹುಮಟ್ಟಿಗೆ ಒಂದೇ: "ಎಳೆ ಸೂಜಿಗೆ ಸುತ್ತಿಕೊಳ್ತಾ ಇದೆ, ಇನ್ನೂ ಜೋರಾದ ವ್ಯಾಕ್ಯೂಮ್ ಯಾವುದು ತರಲಿ?" ಯಾವುದೂ ಬೇಡ. ಎಳೆ ಎಂದರೆ ಗೀರು ಕೊರೆಯುವಾಗ ಏಳುವ ಕೂದಲಿನಂಥ ಸಿಪ್ಪೆ. ಮನೆಯಲ್ಲಿ ಕಸ ಹೀರುವ ಯಂತ್ರದ ಶಕ್ತಿಯೇ ಈ ಕೆಲಸಕ್ಕೆ ವಿಪರೀತ ಜಾಸ್ತಿ.

ಲೆಕ್ಕ ಹಾಕಿ. 12 ಇಂಚಿನ ಎಲ್‌ಪಿಯ ಹೊರ ಅಂಚಿನಲ್ಲಿ, ನಿಮಿಷಕ್ಕೆ 33⅓ ಸುತ್ತಿನ ವೇಗಕ್ಕೆ, ಸೂಜಿಯಡಿ ಸೆಕೆಂಡಿಗೆ ಸುಮಾರು ಅರ್ಧ ಮೀಟರ್ ಲ್ಯಾಕರ್ (ಡಿಸ್ಕಿನ ಮೇಲಿನ ಮೆತ್ತನೆಯ ಲೇಪ) ಹಾಯುತ್ತದೆ. ಒಳಗೆ ಹೋದಷ್ಟೂ ಇನ್ನೂ ನಿಧಾನ. ಗೀರು 50 ಮೈಕ್ರಾನ್ ಅಗಲ, 25 ಮೈಕ್ರಾನ್ ಆಳ ಎಂದಿಟ್ಟುಕೊಂಡರೆ 20 ನಿಮಿಷದ ಬದಿಯಿಂದ 400 ಮೀಟರ್ ದಾಟಿದ ಎಳೆ ಬರುತ್ತದೆ, ಆದರೆ ಎಲ್ಲ ಸೇರಿ ಕಾಲು ಘನ ಸೆಂಟಿಮೀಟರ್ ಆಸುಪಾಸು. 3 ಮಿ.ಮೀ. ಒಳವ್ಯಾಸದ ನಳಿಗೆಯಲ್ಲಿ ಗಾಳಿ ಸೆಕೆಂಡಿಗೆ 50 ಮೀಟರ್ ಓಡಿದರೆ ಎಳೆಗಿಂತ ನೂರು ಪಟ್ಟು ವೇಗ ಸಿಕ್ಕಿತು. ಅದಕ್ಕೆ ನಿಮಿಷಕ್ಕೆ 21 ಲೀಟರ್ ಗಾಳಿ ಸಾಕು. ಮನೆಯ ಯಂತ್ರ ಸಾವಿರ ಲೀಟರಿಗೂ ಮೇಲೆ ಎಳೆಯುತ್ತದೆ.

ಎಳೆ ಸಿಕ್ಕಿಕೊಳ್ಳುವುದು ಹೆಚ್ಚಾಗಿ ನಳಿಗೆಯ ಬಾಯಿ ತಪ್ಪು ಜಾಗದಲ್ಲಿರುವುದರಿಂದ. ಎಳೆ ಏಳುವುದು ಸೂಜಿಯ ಚಪ್ಪಟೆ ಮುಖದ ಕಡೆಗೆ, ಬೆನ್ನಿನ ಕಡೆಗಲ್ಲ. ಬಾಯಿ ಆ ಮುಖದ ಪಕ್ಕಕ್ಕಿರಲಿ. ಸುಮಾರು 2 ಮಿ.ಮೀ. ದೂರದಿಂದ ಶುರುಮಾಡಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಕೂದಲೆಳೆಯಷ್ಟೇ ಸರಿಸಿ. ಸಡಿಲ ಎಳೆ ತಾನಾಗಿ ಡಿಸ್ಕಿನ ಮಧ್ಯದ ಕಡೆ ಸರಿಯುತ್ತದೆ. ಹಿಂದೆ ರೇಡಿಯೋ ಕೇಂದ್ರಗಳ 16 ಇಂಚಿನ ಡಿಸ್ಕುಗಳಲ್ಲಿ ಎಷ್ಟೋ ಒಳಗಿನಿಂದ ಹೊರಕ್ಕೆ ಕತ್ತರಿಸಿದವು, ಎಳೆ ಸೂಜಿಯ ದಾರಿಗೆ ಅಡ್ಡ ಬಾರದಿರಲೆಂದೇ. ನಾವು ಕತ್ತರಿಸುವುದು ಹೊರಗಿನಿಂದ ಒಳಕ್ಕೆ. ತಪ್ಪಿದ ಎಳೆ ಬಂದು ಬೀಳುವುದು ನೇರ ಸೂಜಿಯ ಮುಂದಕ್ಕೇ.

ಎಷ್ಟು ಹೇಳಿದರೂ ಜನರ ತಲೆಗೆ ಹೋಗದ ಮಾತು ಇನ್ನೊಂದಿದೆ: ಹೀರುವ ಗಾಳಿ ಸೂಜಿಯನ್ನು ತಣಿಸುತ್ತದೆ. ನೀಲಮಣಿಯ ಸೂಜಿಗೆ ಸುತ್ತಿದ ತಂತಿಯಲ್ಲಿ ಕರೆಂಟ್ ಹರಿಸಿ ಕಾಯಿಸುವುದು ಗೀರಿನ ಗೋಡೆ ನುಣುಪಾಗಿ, ಸದ್ದಿಲ್ಲದೆ ಬರಲಿ ಅಂತ. ಗಾಳಿ ಜೋರಾದರೆ ಸೂಜಿ ತಣ್ಣಗಾಗಿ ಗೋಡೆ ಮಸುಕಾಗುತ್ತದೆ, ಹಿಸ್ ಎನ್ನುವ ಸದ್ದು ಏರುತ್ತದೆ. ಆಗ ಕರೆಂಟ್ ಏರಿಸುತ್ತಾರೆ. ಅತಿಯಾಗಿ ಕಾದ ಸೂಜಿಗೆ ಎಳೆ ಅಂಟುತ್ತದೆ. ಅಂಟಿತೆಂದು ಮತ್ತೆ ಗಾಳಿ ಏರಿಸುತ್ತಾರೆ! ಆದ್ದರಿಂದ ಮೊದಲು ಹೀರುವಿಕೆ, ಆಮೇಲೆ ಶಾಖ. ಹೀರುವಿಕೆಯನ್ನು ಒಂದಿಷ್ಟು ಬದಲಿಸಿದರೂ ಶಾಖವನ್ನು ಹೊಸದಾಗಿ ಹೊಂದಿಸಬೇಕು. ಆಳವನ್ನೂ ಗಾಳಿ ಓಡುತ್ತಿರುವಾಗಲೇ ಹೊಂದಿಸಿ, ಯಾಕೆಂದರೆ ಡಿಸ್ಕಿಗೆ ಹತ್ತಿರದ ನಳಿಗೆ ಮತ್ತು ಅದರ ಹಿಂದಿನ ಕೊಳವೆ ಸೂಜಿ ಹಿಡಿದಿರುವ ಕಟ್ಟರ್ ಹೆಡ್ಡನ್ನು ಸ್ವಲ್ಪವಾದರೂ ಎಳೆಯುತ್ತವೆ. ಆಮೇಲೆ ಸಂಗೀತವಿಲ್ಲದ ಖಾಲಿ ಗೀರು ಕತ್ತರಿಸಿ ಕೇಳಿ. ಸಿಳ್ಳೆ ಕೇಳಿಸಿದರೆ ಗಾಳಿ ಜಾಸ್ತಿ. ಒಂದೇ ಲಯದ ಗುಡುಗುಡು ಇದ್ದರೆ ಪಂಪಿನ ಮಿಡಿತ ಕೊಳವೆಯಲ್ಲಿ ಹಾದು ಬರುತ್ತಿರಬಹುದು. ಮೆತ್ತನೆಯ ಸಿಲಿಕೋನ್ ಕೊಳವೆಯನ್ನು ಮೇಲಿನಿಂದ ಸಡಿಲವಾಗಿ ಇಳಿಬಿಟ್ಟರೆ ಬಹಳ ಸಲ ಕಡಿಮೆಯಾಗುತ್ತದೆ.

ಗಾಳಿ ತಗ್ಗಿಸಲು ಕೊಳವೆ ಹಿಸುಕಬೇಡಿ. ಮನೆಯ ಯಂತ್ರಗಳಲ್ಲಿ ಸಾಮಾನ್ಯವಾಗಿ ಹೀರಿದ ಗಾಳಿಯೇ ಮೋಟರನ್ನು ತಂಪಾಗಿಡುವುದು. 3 ಮಿ.ಮೀ. ಬಾಯಿಯೊಂದನ್ನೇ ಬಿಟ್ಟರೆ ಅದು ಉಸಿರುಗಟ್ಟಿ ಸುಟ್ಟುಹೋಗುತ್ತದೆ. ಎಳೆ ಬೀಳುವ ಗಾಜಿನ ಜಾಡಿಗೂ ಮೋಟರಿಗೂ ನಡುವೆ T ಆಕಾರದ ಒಂದು ಜೋಡಣೆ, ಅದಕ್ಕೆ ಹೊರಗಿನ ಗಾಳಿ ಒಳಬಿಡುವ ಒಂದು ವಾಲ್ವ್. ವಾಲ್ವ್ ತೆರೆದಷ್ಟೂ ಹೀರುವಿಕೆ ಇಳಿಯುತ್ತದೆ, ಮೋಟರಿಗೂ ಗಾಳಿ ಸಿಗುತ್ತದೆ.

ಜಾಡಿ ಇಲ್ಲದೆ ಕತ್ತರಿಸಲೇಬೇಡಿ. ಲ್ಯಾಕರ್ ಎಂದರೆ ಬಲುಬೇಗ ಹೊತ್ತಿಕೊಳ್ಳುವ ನೈಟ್ರೋಸೆಲ್ಯುಲೋಸ್, ಮನೆಯ ಯಂತ್ರದ ಮೋಟರಿನ ಕಾರ್ಬನ್ ಬ್ರಷ್ ಕಿಡಿ ಹಾರಿಸುತ್ತದೆ. ಉಳಿದದ್ದು ಬಿಡಿಸಿ ಹೇಳಬೇಕಿಲ್ಲ. ಉರಿಯಲು ಬೇಕಾದ ಆಮ್ಲಜನಕ ಲ್ಯಾಕರಿನೊಳಗೇ ಇರುವುದರಿಂದ ಮುಚ್ಚಳ ಮುಚ್ಚಿದರೂ ಬೆಂಕಿ ಆರುವುದಿಲ್ಲ. ಜಾಡಿಯ ತಳದಲ್ಲಿ ಎರಡು ಬೆರಳು ನೀರಿರಲಿ, ಒಳಬರುವ ಕೊಳವೆ ನೀರಿನ ತುಸು ಮೇಲಕ್ಕೆ ನಿಲ್ಲಲಿ, ಹೊರಹೋಗುವುದು ಮುಚ್ಚಳಕ್ಕೆ ಹತ್ತಿರವಿದ್ದು ಬಾಯಿಗೆ ಜಾಲರಿ ಇರಲಿ. ನಳಿಗೆಯಿಂದ ಜಾಡಿಯವರೆಗೆ ದಾರಿ ಅಗಲವಾಗುತ್ತ ಹೋಗಬೇಕೇ ಹೊರತು ಎಲ್ಲೂ ಕಿರಿದಾಗಬಾರದು. ನಳಿಗೆಯ ಕತ್ತರಿಸಿದ ಅಂಚಿನಲ್ಲಿ ಉಳಿದ ಸಣ್ಣ ಮುಳ್ಳೊಂದೇ ಎಳೆ ಹಿಡಿದು ಉಂಡೆ ಕಟ್ಟಲು ಸಾಕು.

ಲ್ಯಾಕರ್ ಬಿಟ್ಟು ವಜ್ರದ ಸೂಜಿಯಿಂದ ನೇರ ಪಿವಿಸಿ ಪ್ಲಾಸ್ಟಿಕ್ ಕತ್ತರಿಸುವವರಿಗೆ ಬೆಂಕಿಯ ಭಯ ಕಡಿಮೆ, ಸ್ಥಾಯಿ ವಿದ್ಯುತ್ತಿನ ಕಾಟ ಜಾಸ್ತಿ. ಲೋಹದ ನಳಿಗೆ ಹಾಕಿ ಅರ್ಥ್ ಮಾಡಿ. ಒಣಹವೆಯಲ್ಲಿ ಸ್ಥಾಯಿ ವಿದ್ಯುತ್ತನ್ನು ಕಳೆಯುವ ಅಯಾನೈಸರ್ ಸಹಾಯಕ್ಕೆ ಬರುತ್ತದೆ.

ಸೂಜಿ ಇಳಿಸುವ ಮೊದಲೇ ಹೀರುವಿಕೆ ಓಡುತ್ತಿರಲಿ. ಮೊದಲ ಎಳೆ ಒಳಗೆ ಹೋಗದಿದ್ದರೆ ಮೆತ್ತನೆಯ ಕುಂಚದಿಂದ ಬಾಯಿಯತ್ತ ತೋರಿಸಿ, ಬೆರಳು ಹಾಕಬೇಡಿ, ಊದಲೂಬೇಡಿ. ಬದಿಯ ನಡುವೆ ಎಳೆ ತಪ್ಪಿ ಸುತ್ತಿಕೊಂಡರೆ ಆ ಬದಿ ಹೋಯಿತೆಂದೇ ಲೆಕ್ಕ. 2020ರ ಫೆಬ್ರವರಿ 6ರಂದು ಕ್ಯಾಲಿಫೋರ್ನಿಯಾದ ಬ್ಯಾನಿಂಗ್‌ನಲ್ಲಿ ಲ್ಯಾಕರ್ ಡಿಸ್ಕ್ ತಯಾರಿಸುತ್ತಿದ್ದ ಅಪೊಲೊ ಮಾಸ್ಟರ್ಸ್ ಕಾರ್ಖಾನೆ ಸುಟ್ಟುಹೋದ ಮೇಲೆ ಲ್ಯಾಕರ್ ಡಿಸ್ಕನ್ನು ಹಾಗೆ ಹಾಳುಮಾಡುವ ಧೈರ್ಯ ಯಾರಿಗೂ ಇಲ್ಲ, ಆದ್ದರಿಂದ ಕೆಟ್ಟ ಬದಿಯನ್ನು ಎಸೆಯದೆ ಪರೀಕ್ಷೆಯ ಗೀರುಗಳಿಗೆ ಎತ್ತಿಡಿ. ಕೊನೆಯ ಗೀರು ಮುಗಿದು ಸೂಜಿ ಎದ್ದ ಮೇಲೂ ಕೆಲವು ಸೆಕೆಂಡು ಗಾಳಿ ಓಡಲಿ. ಕೊಳವೆಯಲ್ಲಿ ಉಳಿದ ಎಳೆ ಜಾಡಿಗೆ ಬಿದ್ದ ಮೇಲೆ ಸ್ವಿಚ್ ಆರಿಸಿ, ಒದ್ದೆಯಿರುವಾಗಲೇ ಜಾಡಿ ಖಾಲಿ ಮಾಡಿ.