ಪದ ಪರಿಚಯ: ವಿ-ರ್ಯಾಮ್

ಗೇಮಿಂಗ್‌ಗಾಗಿ ಹೊಸ ಕಂಪ್ಯೂಟರ್ ಜೋಡಿಸಿಕೊಳ್ಳುವವರು ಎರಡು ಗ್ರಾಫಿಕ್ಸ್ ಕಾರ್ಡ್‌ಗಳನ್ನು ಹೋಲಿಸಲು ಕುಳಿತಾಗ ಮೊದಲು ಕಣ್ಣಿಗೆ ಬೀಳುವುದು ಹೆಸರಿನ ಪಕ್ಕದಲ್ಲಿರುವ 8 ಜಿಬಿ, 12 ಜಿಬಿ ಅಥವಾ 16 ಜಿಬಿ ಎಂಬ ಅಂಕಿ. ಅದು ವಿ-ರ್ಯಾಮ್, ಅಂದರೆ ವಿಡಿಯೊ ರ್ಯಾಮ್‌ನ ಅಳತೆ. ಗ್ರಾಫಿಕ್ಸ್ ಚಿಪ್‌ನ ಬಳಕೆಗೆಂದೇ ಮೀಸಲಾದ ಈ ಮೆಮೊರಿಯನ್ನು ಆ ಚಿಪ್‌ನ ಸುತ್ತಲೂ ಕಾರ್ಡ್‌ಗೇ ಬೆಸೆದಿರುತ್ತಾರೆ. ಕಂಪ್ಯೂಟರ್‌ನ ಮುಖ್ಯ ರ್ಯಾಮ್ ಸಾಲದಾದರೆ ಮುಂದೆಂದಾದರೂ ಹೆಚ್ಚಿಸಿಕೊಳ್ಳಬಹುದು. ವಿ-ರ್ಯಾಮ್ ಮಾತ್ರ ಕೊಂಡ ದಿನ ಎಷ್ಟಿತ್ತೋ ಕಾರ್ಡ್ ಬಾಳುವವರೆಗೂ ಅಷ್ಟೇ ಇರುತ್ತದೆ. ಆದ್ದರಿಂದ ಈ ಪದವನ್ನು ಕೊಳ್ಳುವ ಮುನ್ನವೇ ಸರಿಯಾಗಿ ಅರಿತಿರಬೇಕು.

ಪರದೆಯ ಮೇಲೆ ಮೂಡುವ ಚಿತ್ರವೇ ಈ ಮೆಮೊರಿಯನ್ನು ತುಂಬುತ್ತದೆ ಎಂಬ ಎಣಿಕೆ ಸಾಮಾನ್ಯವಾಗಿದೆ. ಲೆಕ್ಕ ಹಾಕಿ ನೋಡಿದರೆ ಬೇರೆಯದೇ ಚಿತ್ರಣ ಸಿಗುತ್ತದೆ. 3840×2160 ಅಳತೆಯ 4ಕೆ ಪರದೆಯಲ್ಲಿ ಸುಮಾರು 83 ಲಕ್ಷ ಪಿಕ್ಸೆಲ್‌ಗಳಿದ್ದು, ಪ್ರತಿ ಪಿಕ್ಸೆಲ್‌ಗೆ 4 ಬೈಟ್ ಎಂದುಕೊಂಡರೂ ಒಂದು ಫ್ರೇಮ್‌ಗೆ, ಅಂದರೆ ಪರದೆಯ ಒಂದು ಪೂರ್ಣ ಚಿತ್ರಕ್ಕೆ, ಬೇಕಾಗುವುದು 33 ಎಂಬಿಯಷ್ಟು ಜಾಗ ಮಾತ್ರ. ಆಳ, ಬೆಳಕು, ಚಲನೆಗಳ ಲೆಕ್ಕಕ್ಕಾಗಿ ಆಟವು ಇಂಥ ಹಲವು ಚಿತ್ರಗಳನ್ನು ಒಟ್ಟಿಗೆ ಇಟ್ಟುಕೊಳ್ಳುತ್ತದೆ ನಿಜ. ಆದರೂ ದೊಡ್ಡ ಪಾಲು ಹೋಗುವುದು ಗೋಡೆ, ಬಟ್ಟೆ, ಚರ್ಮ, ಎಲೆಗಳ ಮೇಲ್ಮೈಗೆ ಹೊದಿಸುವ ಟೆಕ್ಸ್‌ಚರ್‌ಗಳಿಗೆ. 4096×4096 ಅಳತೆಯ ಒಂದೇ ಟೆಕ್ಸ್‌ಚರ್, ಪಿಕ್ಸೆಲ್‌ಗೆ ಒಂದು ಬೈಟ್‌ನಷ್ಟಕ್ಕೆ ಕುಗ್ಗಿಸಿದ ಮೇಲೂ ಸುಮಾರು 16 ಎಂಬಿ ಜಾಗ ಹಿಡಿಯುತ್ತದೆ, ಮತ್ತು ಒಂದು ದೃಶ್ಯಕ್ಕೆ ಟೆಕ್ಸ್‌ಚರ್‌ಗಳು ನೂರಾರು ಬೇಕಾಗಬಹುದು. ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ಹಾದಿಯನ್ನು ಲೆಕ್ಕ ಹಾಕುವ ವಿಧಾನ) ಮತ್ತು ಫ್ರೇಮ್ ಜನರೇಷನ್ (ನಡುವಿನ ಫ್ರೇಮ್‌ಗಳನ್ನು ಊಹಿಸಿ ಸೇರಿಸುವ ವಿಧಾನ) ಚಾಲೂ ಮಾಡಿದರೆ ಅವುಗಳ ಪಾಲು ಬೇರೆ. 1080ಪಿ (1920×1080) ಪರದೆಗೆ 8 ಜಿಬಿ ಹೇಗಿದ್ದರೂ ಸಾಕು ಎಂಬ ಮಾತನ್ನು ಪೂರ್ತಿ ನಂಬಲಾಗದಿರುವುದು ಇದಕ್ಕೇ: ಪರದೆ ಚಿಕ್ಕದಾದ ಮಾತ್ರಕ್ಕೆ ಟೆಕ್ಸ್‌ಚರ್‌ಗಳ ಗುಣಮಟ್ಟದ ಆಯ್ಕೆ ತಾನಾಗಿ ತಗ್ಗುವುದಿಲ್ಲ.

ವಿ-ರ್ಯಾಮ್ ತುಂಬಿದಾಗ ಉಳಿದ ದತ್ತಾಂಶ ಕಂಪ್ಯೂಟರ್‌ನ ಮುಖ್ಯ ರ್ಯಾಮ್‌ಗೆ ಹೋಗಿ ಕೂರುತ್ತದೆ, ಬೇಕಾದಾಗಲೆಲ್ಲ ಕಾರ್ಡನ್ನು ಕಂಪ್ಯೂಟರ್‌ಗೆ ಜೋಡಿಸುವ ಪಿಸಿಐ ಎಕ್ಸ್‌ಪ್ರೆಸ್ ದಾರಿಯಲ್ಲಿ ಬರಬೇಕಾಗುತ್ತದೆ. 2023ರಲ್ಲಿ ಬಂದ ಎನ್‌ವಿಡಿಯಾ ಆರ್‌ಟಿಎಕ್ಸ್ 4060 ಟಿಐ ತನ್ನದೇ ಮೆಮೊರಿಯಿಂದ ಸೆಕೆಂಡಿಗೆ 288 ಜಿಬಿ ಓದಬಲ್ಲದು. ಅದು ಬಳಸುವ ಎಂಟು ಲೇನ್‌ಗಳ ಪಿಸಿಐ ಎಕ್ಸ್‌ಪ್ರೆಸ್ 4.0 ದಾರಿಯಲ್ಲಿ ಬರುವುದು ಸೆಕೆಂಡಿಗೆ ಹೆಚ್ಚೆಂದರೆ 16 ಜಿಬಿ. ಹದಿನೆಂಟು ಪಟ್ಟು ಅಂತರ. ನುಣ್ಣಗೆ ಸಾಗುತ್ತಿದ್ದ ಆಟ ತಿರುವೊಂದರಲ್ಲಿ ತಡವರಿಸಿ ಮುಂದೆ ಸಾಗುವುದರ ಹಿಂದೆ ಎಷ್ಟೋ ಸಲ ಇದೇ ಕಾರಣವಿರುತ್ತದೆ. ಇದೇ ಕಾರ್ಡ್ 8 ಜಿಬಿ ಮತ್ತು 16 ಜಿಬಿ ಎಂಬ ಎರಡು ರೂಪಗಳಲ್ಲಿ ಬಂದದ್ದರಿಂದ ವಿ-ರ್ಯಾಮ್‌ನ ಸ್ವಭಾವವನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಚಿಪ್ ಒಂದೇ, ಮೆಮೊರಿಯ ವೇಗವೂ ಒಂದೇ. 8 ಜಿಬಿಯೊಳಗೆ ಮುಗಿಯುವ ಆಟಗಳಲ್ಲಿ ಎರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ; ಆ ಮಿತಿ ದಾಟಿದ ಕೂಡಲೇ ಚಿಕ್ಕದು ಹಿಂದೆ ಬೀಳುತ್ತದೆ. ಹೆಚ್ಚು ವಿ-ರ್ಯಾಮ್ ಇದ್ದರೆ ವೇಗ ಹೆಚ್ಚುತ್ತದೆ ಎನ್ನುವುದಕ್ಕಿಂತ, ಕಡಿಮೆ ಬಿದ್ದಾಗ ವೇಗ ಕುಸಿಯುತ್ತದೆ ಎನ್ನುವುದೇ ಹೆಚ್ಚು ಸರಿ.

ಹಾಗಾಗಿ ಅಂಕಿ ದೊಡ್ಡದಿರುವ ಕಾರ್ಡ್ ಯಾವಾಗಲೂ ಮೇಲ್ದರ್ಜೆಯದಾಗಿರಬೇಕಿಲ್ಲ. 2020ರ ಆರ್‌ಟಿಎಕ್ಸ್ 3070ರಲ್ಲಿ 8 ಜಿಬಿ, ಅದಕ್ಕಿಂತ ಕೆಳಗಿನ ದರ್ಜೆಯ 2021ರ 3060ರಲ್ಲಿ 12 ಜಿಬಿ ಇತ್ತು. ಪ್ರತಿ ಮೆಮೊರಿ ಚಿಪ್ ಸಾಮಾನ್ಯವಾಗಿ 32 ಬಿಟ್‌ನ ದಾರಿಯನ್ನು ಬೇಡುವುದರಿಂದ 3060ರ 192 ಬಿಟ್ ಬಸ್‌ಗೆ (ಗ್ರಾಫಿಕ್ಸ್ ಚಿಪ್ ಮತ್ತು ಮೆಮೊರಿಯ ನಡುವಿನ ಒಟ್ಟು ದಾರಿಗೆ) ಆರು ಚಿಪ್‌ಗಳು, 3070ರ 256 ಬಿಟ್ ಬಸ್‌ಗೆ ಎಂಟು ಚಿಪ್‌ಗಳು ಹೊಂದುತ್ತವೆ. ಮೊದಲನೆಯದರಲ್ಲಿ 2 ಜಿಬಿಯ ಚಿಪ್‌ಗಳನ್ನೂ ಎರಡನೆಯದರಲ್ಲಿ 1 ಜಿಬಿಯ ಚಿಪ್‌ಗಳನ್ನೂ ಬಳಸಿದ್ದರು. ಲೆಕ್ಕ ಮಾಡುವ ಶಕ್ತಿಯಲ್ಲಿ 3070 ಬಹಳ ಮುಂದಿದ್ದರೂ, ಟೆಕ್ಸ್‌ಚರ್‌ಗಳ ಭಾರ ಹೆಚ್ಚಿರುವ ಆಟಗಳಲ್ಲಿ ಅದಕ್ಕೆ ಮೆಮೊರಿಯ ಇಕ್ಕಟ್ಟು ಎದುರಾಗುತ್ತದೆ. ಅಷ್ಟು ಒಳ್ಳೆಯ ಚಿಪ್‌ಗೆ 8 ಜಿಬಿ ತಕ್ಕ ಜೋಡಿಯಾಗಿರಲಿಲ್ಲ ಎಂದೇ ನನ್ನ ಅಭಿಪ್ರಾಯ.

ಪ್ರತಿಸ್ಪರ್ಧಿ ಕಾರ್ಡ್‌ಗಳ ವಿಮರ್ಶೆ ಓದುವಾಗ ಸರಾಸರಿ ಫ್ರೇಮ್ ಸಂಖ್ಯೆಯನ್ನಷ್ಟೇ ನೋಡಿದರೆ ಈ ಕೊರತೆ ಕಾಣಿಸದೆ ಹೋಗಬಹುದು. ತಡವರಿಕೆ ದಾಖಲಾಗುವುದು ‘1% ಲೋ’ ಎಂಬ ಅಂಕಿಯಲ್ಲಿ, ಅಂದರೆ ಅತಿ ನಿಧಾನವಾದ ನೂರಕ್ಕೊಂದು ಭಾಗದ ಫ್ರೇಮ್‌ಗಳ ಲೆಕ್ಕದಲ್ಲಿ. ಕೆಲವು ಆಟಗಳಂತೂ ಮೆಮೊರಿ ಸಾಲದಾದಾಗ ಸದ್ದಿಲ್ಲದೆ ಮಸುಕಾದ ಟೆಕ್ಸ್‌ಚರ್‌ಗಳನ್ನು ಬಳಸಿಬಿಡುತ್ತವೆ; ಆಗ ಅಂಕಿಗಳೆಲ್ಲ ಸರಿಯಾಗಿದ್ದು ಚಿತ್ರ ಮಾತ್ರ ಕೆಟ್ಟಿರುತ್ತದೆ, ಅದನ್ನು ಕಣ್ಣಿನಿಂದಲೇ ಗುರುತಿಸಬೇಕು. ಇದಕ್ಕೆ ವಿರುದ್ಧವಾದ ತಪ್ಪೂ ಆಗುವುದುಂಟು: ಮಾನಿಟರಿಂಗ್ ತಂತ್ರಾಂಶ ತೋರಿಸುವುದು ಸಾಮಾನ್ಯವಾಗಿ ಆಟ ಕಾದಿರಿಸಿಕೊಂಡ ಜಾಗವನ್ನೇ ಹೊರತು ಅದಕ್ಕೆ ನಿಜಕ್ಕೂ ಬೇಕಾದಷ್ಟನ್ನಲ್ಲ.

ಈಗಾಗಲೇ 8 ಜಿಬಿಯ ಕಾರ್ಡ್ ಇರುವವರು ಟೆಕ್ಸ್‌ಚರ್ ಗುಣಮಟ್ಟವನ್ನು ಒಂದು ಹಂತ ಇಳಿಸಿದರೆ ಹೆಚ್ಚಿನ ಆಟಗಳಲ್ಲಿ ತೊಂದರೆ ನೀಗುತ್ತದೆ. ಹೊಸದಾಗಿ ಕೊಳ್ಳುವವರಾದರೆ, ಉಳಿದೆಲ್ಲ ಬಹುಮಟ್ಟಿಗೆ ಸಮನಾಗಿರುವ ಎರಡು ಕಾರ್ಡ್‌ಗಳಲ್ಲಿ ಹೆಚ್ಚು ವಿ-ರ್ಯಾಮ್ ಇರುವುದನ್ನು ಆರಿಸಬೇಕೆಂದು ನಾನು ಹೇಳುತ್ತೇನೆ, ನಾಲ್ಕೈದು ವರ್ಷ ಅದೇ ಕಾರ್ಡನ್ನು ಬಳಸುವ ಇರಾದೆ ಇದ್ದರಂತೂ ಖಂಡಿತ. 2025ರಲ್ಲಿ ಬಂದ ಎನ್‌ವಿಡಿಯಾ ಆರ್‌ಟಿಎಕ್ಸ್ 5060 ಟಿಐ ಮತ್ತು ಎಎಮ್‌ಡಿ ಆರ್‌ಎಕ್ಸ್ 9060 ಎಕ್ಸ್‌ಟಿ ಎರಡೂ ಒಂದೇ ಹೆಸರಿನಡಿ 8 ಜಿಬಿ ಮತ್ತು 16 ಜಿಬಿ ರೂಪಗಳಲ್ಲಿ ಸಿಗುವುದರಿಂದ, ವಿಮರ್ಶಕರು ಪರೀಕ್ಷಿಸಿದ್ದು ಯಾವ ರೂಪವನ್ನು, ತಾವು ಕೊಳ್ಳಹೊರಟಿರುವುದು ಯಾವುದನ್ನು ಎಂಬುದನ್ನು ಹಣ ಕೊಡುವ ಮೊದಲೇ ಖಚಿತಪಡಿಸಿಕೊಳ್ಳಬೇಕು.