ಪೆನ್‌ಡ್ರೈವ್ ಯಾರದ್ದು? 777 ಮಂತ್ರಕ್ಕೆ ಗೊತ್ತಿಲ್ಲ

ಲಿನಕ್ಸ್‌ನಲ್ಲಿ ಪೆನ್‌ಡ್ರೈವ್ ಮೇಲೆ ಬರೆಯಲು ಅನುಮತಿ ಇಲ್ಲ ಅಂತ ಬಂದರೆ ಮೊದಲು ನೆನಪಾಗುವುದು ಚ್‌ಮಾಡ್ 777, ಅಂದರೆ ಫೈಲನ್ನು ಯಾರು ಬೇಕಾದರೂ ಓದಿ, ಬರೆದು, ಓಡಿಸಬಹುದು ಅನ್ನುವ ಕಮಾಂಡ್. ಆದರೆ ಫ್ಯಾಟ್32 (ಡಿಸ್ಕಿನಲ್ಲಿ ಫೈಲ್ ಜೋಡಿಸಿಡುವ ಒಂದು ಪದ್ಧತಿ) ಪೆನ್‌ಡ್ರೈವ್ ಮೇಲೆ ಇದನ್ನು ಸುಡೋ ಹಾಕಿ, ಅಂದರೆ ಅಡ್ಮಿನ್ ಅಧಿಕಾರದಲ್ಲಿ ಹೊಡೆದರೂ ಏನೂ ಆಗುವುದಿಲ್ಲ. ತಪ್ಪು ಅಂತಲೂ ಹೇಳದೆ ಪ್ರಾಂಪ್ಟ್ ಸುಮ್ನೆ ವಾಪಸ್ ಬರುತ್ತದೆ. ಆದರೂ ಬೆಂಗಳೂರಿನ ಕಾಲೇಜ್ ಲ್ಯಾಬುಗಳಿಂದ ಆಫೀಸುಗಳವರೆಗೆ ಎಲ್ಲರ ಬಾಯಲ್ಲೂ ಇದೇ ಮಂತ್ರ. ಅದು ಫಲಿಸದಿದ್ದರೆ ಮುಂದಿನದು ಸುಡೋ ಚ್‌ಓನ್, ಅಂದರೆ ಫೈಲಿನ ಮಾಲೀಕರನ್ನೇ ಬದಲಿಸುವ ಕಮಾಂಡ್. ರೂಟ್ (ಸಿಸ್ಟಂನಲ್ಲಿ ಎಲ್ಲ ಅಧಿಕಾರ ಇರುವ ಬಳಕೆದಾರ) ಆಗಿ ಕೇಳಿದರೂ 'ಆಪರೇಷನ್ ನಾಟ್ ಪರ್ಮಿಟೆಡ್'! ಡ್ರೈವ್ ಕೆಟ್ಟಿದೆ ಅಂತ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿಗೆ ಹೊರಡಬೇಡಿ.

ಫ್ಯಾಟ್ ಹುಟ್ಟಿದ್ದು 1977ರಲ್ಲಿ, ಫ್ಲಾಪಿಗಳಿಗಾಗಿ. ಒಬ್ಬರಿಗೆ ಒಂದು ಕಂಪ್ಯೂಟರ್, ಆಮೇಲೆ ಮಾಲೀಕ ಯಾರು ಅಂತ ಕೇಳೋರ್ಯಾರು? ಅದಕ್ಕೂ ಮೊದಲೇ ಬೆಲ್ ಲ್ಯಾಬ್ಸ್‌ನಲ್ಲಿ ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳುತ್ತಿದ್ದರು. ಹಾಗಾಗಿ ಅಲ್ಲಿ ಹುಟ್ಟಿದ, ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್‌ನಲ್ಲಿ ಪ್ರತಿ ಫೈಲಿಗೂ ಮಾಲೀಕ ಬೇಕಾಯಿತು. ಫ್ಯಾಟ್32ರಲ್ಲಿ ಒಂದು ಫೈಲಿನ ಮೂಲ ದಾಖಲೆಗೆ 32 ಬೈಟ್. ಹೆಸರಿಗೆ 11, ಗಾತ್ರಕ್ಕೆ 4, 'ಓದಲು ಮಾತ್ರ' ಥರದ ಗುರುತುಗಳಿಗೆ 1, ಜೊತೆಗೆ ತಾರೀಖು, ಡೇಟಾ ಎಲ್ಲಿ ಶುರು ಅನ್ನೋದು. (4 ಜಿಬಿಗಿಂತ ದೊಡ್ಡ ಫೈಲ್ ಇದರಲ್ಲಿ ಕೂರದಿರುವುದು ಗಾತ್ರದ ಆ 4 ಬೈಟಿನಿಂದಲೇ.) ಮಾಲೀಕನಿಗೆ ಜಾಗವೇ ಇಲ್ಲ.

ಹಾಗಾದರೆ ಫೈಲ್ ಪಟ್ಟಿ ಕೊಡುವ ಎಲ್ಎಸ್ -ಎಲ್ ಕಮಾಂಡ್ ಮಾಲೀಕ ಅಂತ ತೋರಿಸುವ 'ರೂಟ್' ಎಲ್ಲಿಂದ ಬಂತು? ಮೌಂಟ್ ಮಾಡುವಾಗ, ಅಂದರೆ ಡ್ರೈವನ್ನು ಸಿಸ್ಟಂಗೆ ಜೋಡಿಸುವಾಗ, ಕರ್ನಲ್ (ಲಿನಕ್ಸ್‌ನ ತಿರುಳು) ಹಚ್ಚಿದ್ದು ಅಷ್ಟೇ. ಮೌಂಟ್ ಮಾಡಿದವರೇ ಮಾಲೀಕರು. ಸುಡೋ ಹಾಕಿ ಮಾಡಿದ್ದರಿಂದ ರೂಟ್. ಫ್ಯಾಟ್‌ನ ಹೊಸ ರೂಪ ಎಕ್ಸ್‌ಫ್ಯಾಟ್ ಕಥೆಯೂ ಇದೇ. ಆದ್ದರಿಂದ ಮದ್ದು ಕೂಡ ಮೌಂಟ್‌ನಲ್ಲೇ ಇದೆ. ಐಡಿ ಕಮಾಂಡ್ ಕೊಟ್ಟು ನಿಮ್ಮ ನಂಬರ್ ನೋಡಿಕೊಳ್ಳಿ, ಉಬುಂಟುವಿನಲ್ಲಿ ಮೊದಲ ಬಳಕೆದಾರರಿಗೆ 1000. ಅನ್‌ಮೌಂಟ್ ಮಾಡಿ, ಮತ್ತೆ ಮೌಂಟ್ ಮಾಡುವಾಗ -ಓ ಜೊತೆ ಯುಐಡಿ=1000,ಜಿಐಡಿ=1000 (ಬಳಕೆದಾರರ ನಂಬರ್, ಗುಂಪಿನ ನಂಬರ್) ಸೇರಿಸಿ. ಮುಗೀತು. ಫೈಲ್ ಮ್ಯಾನೇಜರ್‌ನಲ್ಲಿ ಕ್ಲಿಕ್ ಮಾಡಿ ತೆರೆದರೆ ಹಿನ್ನೆಲೆಯಲ್ಲಿ ಡ್ರೈವ್ ಮೌಂಟ್ ಮಾಡಿಕೊಡುವ ಯುಡಿಸ್ಕ್ಸ್ ಇದನ್ನು ತಾನೇ ಮಾಡುತ್ತದೆ, ಆಗ ಈ ತಲೆನೋವೇ ಇರುವುದಿಲ್ಲ.

ಲಿನಕ್ಸ್‌ನದೇ ಪದ್ಧತಿಯಾದ ಎಕ್ಸ್‌ಟ್4 ಡ್ರೈವ್ ಆದರೆ ಲೆಕ್ಕ ಉಲ್ಟಾ. ಅಲ್ಲಿ ಮಾಲೀಕತ್ವ ಡಿಸ್ಕಿನಲ್ಲೇ ಇರುತ್ತದೆ, ಆದರೆ ಹೆಸರಲ್ಲ, ಬರೀ ನಂಬರ್. ಸ್ಟೀಲ್ ಪಾತ್ರೆ ಮೇಲೆ ಹೆಸರಿನ ಬದಲು 1000 ಅಂತ ಕೊರೆಸಿದರೆ ಹೇಗೋ ಹಾಗೆ. ಯಾವ ಮನೆಗೆ ಹೋದರೆ ಆ ಮನೆಯ 1000ನೇ ನಂಬರಿನವರದ್ದು. ಮನೆಯಲ್ಲಿ ನೀವು 1000, ಆಫೀಸಿನ ಲ್ಯಾಪ್‌ಟಾಪಿನಲ್ಲಿ 1001 ಆಗಿದ್ದರೆ ನಿಮ್ಮದೇ ಫೈಲ್ ಅಲ್ಲಿ ಬೇರೆಯವರ ಪಾಲು. ಇಲ್ಲಿ ಯುಐಡಿ ಆಯ್ಕೆ ನಡೆಯುವುದಿಲ್ಲ, ಚ್‌ಓನ್ ನಡೆಯುತ್ತದೆ. ಬದಲಾದ ನಂಬರ್ ಡಿಸ್ಕಿನಲ್ಲೇ ಉಳಿಯುತ್ತದೆ, ಹಾಗಾಗಿ ಮನೆಗೆ ಬಂದರೆ ಅದೇ ರಗಳೆ ತಿರುಗಾ ಶುರು. ಎರಡೂ ಕಡೆ ಒಂದೇ ನಂಬರ್ ಇಟ್ಟುಕೊಂಡರೆ ವಾಸಿ. ಒಳಗಿನ ಎಲ್ಲ ಫೈಲುಗಳ ಮೇಲೂ ಓಡುವ ಚ್‌ಓನ್ -ಆರ್ ಕೊಡುವ ಮುಂಚೆ ಪಾತ್ ಸರಿಯಿದೆಯಾ ನೋಡಿ. ಕೈತಪ್ಪಿ ಇಡೀ ಸಿಸ್ಟಂ ಮೇಲೆ ಓಡಿದರೆ ಸುಡೋ ಫೈಲಿಗೂ ಮಾಲೀಕ ಬದಲಾಗುತ್ತದೆ, ಆಮೇಲೆ ಸರಿಮಾಡಲು ಸುಡೋನೇ ಕೆಲಸ ಮಾಡುವುದಿಲ್ಲ.