ಇಟಲಿ ಜೊತೆ ಕರ್ನಾಟಕವೇ ಒಪ್ಪಂದ ಮಾಡಿಕೊಳ್ಳಬಹುದಾ?

ಪ್ರಶ್ನೆ: ಮೂಡಿಗೆರೆ, ಸಕಲೇಶಪುರ ಕಡೆಯ ರೋಬಸ್ಟಾ ಕಾಫಿ ಜಾಸ್ತಿ ಹೋಗೋದು ಇಟಲಿಗೆ ಅಂತಾರೆ. ಹಾಗಿದ್ದ ಮೇಲೆ ನಮ್ಮ ರಾಜ್ಯ ಸರ್ಕಾರವೇ ಇಟಲಿ ಸರ್ಕಾರದ ಜೊತೆ ವ್ಯಾಪಾರ ಒಪ್ಪಂದ ಮಾಡಿಕೊಂಡರೆ ಬೆಳೆಗಾರರಿಗೆ ಒಳ್ಳೆಯದಲ್ವಾ? ನಡುವೆ ದೆಹಲಿ ಯಾಕೆ?

ಈ ಪ್ರಶ್ನೆ ಚಿಕ್ಕಮಗಳೂರು, ಹಾಸನ ಎರಡೂ ಕಡೆಯಿಂದ ಬರುತ್ತಲೇ ಇರುತ್ತದೆ. ಮಂತ್ರಿಗಳು ಬಂಡವಾಳ ತರಲು ವಿದೇಶಕ್ಕೆ ಹೊರಟಾಗಲಂತೂ ಜಾಸ್ತಿ.

ಉತ್ತರ: ಆಗುವುದಿಲ್ಲ. ಸಂವಿಧಾನದ ಏಳನೇ ಅನುಸೂಚಿಯ ಕೇಂದ್ರ ಪಟ್ಟಿ ನೋಡಿ. 10ನೇ ನಮೂದು ವಿದೇಶಾಂಗ ವ್ಯವಹಾರ, 14ನೆಯದು ವಿದೇಶಗಳ ಜೊತೆಗಿನ ಒಪ್ಪಂದ, 41ನೆಯದು ವಿದೇಶ ವ್ಯಾಪಾರ. ಮೂರೂ ದೆಹಲಿಯ ಕೈಯಲ್ಲಿವೆ. ಕಾಫಿ ಮಂಡಳಿ ಬೆಂಗಳೂರಿನಲ್ಲಿ ವಿಧಾನಸೌಧ ಇರುವ ಅಂಬೇಡ್ಕರ್ ಬೀದಿಯಲ್ಲೇ ಇದೆ. ಆದರೆ 1942ರ ಕಾಫಿ ಕಾಯ್ದೆಯಡಿ ನಡೆಯುವ ಆ ಮಂಡಳಿ ಕೇಂದ್ರ ವಾಣಿಜ್ಯ ಸಚಿವಾಲಯಕ್ಕೆ ಸೇರಿದ್ದು. ದೇಶದ ಕಾಫಿಯಲ್ಲಿ ಸುಮಾರು 70% ಬೆಳೆಯುವ ರಾಜ್ಯಕ್ಕೆ ಇದು ಸ್ವಲ್ಪ ಇರುಸುಮುರುಸಿನ ವಿಷಯವೇ.

ಸ್ವಾರಸ್ಯ ಇರುವುದು ಆ ಕಡೆ. ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕುವ ಅಧಿಕಾರ ಇಟಲಿಗೂ ಇಲ್ಲ! ಐರೋಪ್ಯ ಒಕ್ಕೂಟದ ದೇಶಗಳು ಆ ಕೆಲಸವನ್ನು ಒಕ್ಕೂಟಕ್ಕೆ ಬಿಟ್ಟುಕೊಟ್ಟಿವೆ. ಅದಕ್ಕೇ 2007ರಲ್ಲಿ ಶುರುವಾಗಿ, 2013ರಲ್ಲಿ ನಿಂತು, 2022ರಲ್ಲಿ ಮತ್ತೆ ಶುರುವಾದ ಮಾತುಕತೆಯಲ್ಲಿ ಎದುರುಬದುರು ಕೂತದ್ದು ದೆಹಲಿ ಮತ್ತು ಒಕ್ಕೂಟದ ಕೇಂದ್ರ ಕಚೇರಿ ಇರುವ ಬ್ರಸೆಲ್ಸ್. ರೋಮ್‌ಗೂ ಬೆಂಗಳೂರಿಗೂ ಅಲ್ಲಿ ಪ್ರತ್ಯೇಕ ಕುರ್ಚಿ ಇರಲಿಲ್ಲ.

ಹಾಗಾದರೆ ರಾಜ್ಯ ಹೊರದೇಶದವರ ಜೊತೆ ಮಾಡಿಕೊಂಡಿತು ಅಂತ ಪೇಪರಿನಲ್ಲಿ ಬರುವ ಒಡಂಬಡಿಕೆಗಳು (ಎಂಒಯು) ಏನು? ಅವು ಹೂಡಿಕೆ, ಕೌಶಲ್ಯ ತರಬೇತಿ, ಸಂಶೋಧನೆ ಥರದ ವಿಷಯದಲ್ಲಿ ಕೈಜೋಡಿಸೋಣ ಅನ್ನುವ ಕಾಗದಗಳು. ದೇಶಗಳ ನಡುವಿನ ಒಪ್ಪಂದದ ತೂಕ ಅವಕ್ಕಿಲ್ಲ. ಜರ್ಮನಿಯ ಬವೇರಿಯಾ ರಾಜ್ಯ ಬೆಂಗಳೂರಿನಲ್ಲಿ ತನ್ನದೇ ಕಚೇರಿ ಇಟ್ಟುಕೊಂಡಿದೆ, ಕರ್ನಾಟಕದ ಜೊತೆ ಸ್ನೇಹವೂ ಇದೆ. ಆದರೆ ಈ ಸ್ನೇಹದಲ್ಲಿ ಇಬ್ಬರೂ ಸಮಾನರಲ್ಲ. ಜರ್ಮನಿಯ ಸಂವಿಧಾನದ 32ನೇ ವಿಧಿ, ರಾಜ್ಯಗಳು ತಮ್ಮ ಕಾನೂನು ವ್ಯಾಪ್ತಿಯ ವಿಷಯಗಳಲ್ಲಿ ಕೇಂದ್ರದ ಒಪ್ಪಿಗೆ ಪಡೆದು ವಿದೇಶಗಳ ಜೊತೆ ಒಪ್ಪಂದ ಮಾಡಿಕೊಳ್ಳಲು ಬಿಡುತ್ತದೆ. ನಮ್ಮಲ್ಲಿ ಅಂಥ ವಿಧಿ ಇಲ್ಲ. ನಮ್ಮ ಮಂತ್ರಿಗಳು ವಿದೇಶಕ್ಕೆ ಹೋಗಬೇಕಾದರೂ ವಿದೇಶಾಂಗ ಸಚಿವಾಲಯದ ಅನುಮತಿ ಬೇಕು.

ಸ್ನೇಹ ಸುಮ್ನೆ ಅಂತಲೂ ಅಲ್ಲ. 2023ರ ಸೆಪ್ಟೆಂಬರ್‌ನಲ್ಲಿ ವಿಶ್ವ ಕಾಫಿ ಸಮ್ಮೇಳನ ಬೆಂಗಳೂರಿನಲ್ಲಿ ನಡೆಯಿತು, ಏಷ್ಯಾದಲ್ಲಿ ಮೊದಲ ಸಲ. ಹೊರಗಿನ ಖರೀದಿದಾರರು ನಮ್ಮ ಬೆಳೆಗಾರರ ಎದುರು ಕೂತು ಮಾತಾಡಿದರು. ಇಂಥದ್ದಕ್ಕೆ ಜಾಗ, ವ್ಯವಸ್ಥೆ, ಉತ್ಸಾಹ ಕೊಡುವುದು ರಾಜ್ಯ ಮಾಡಬಹುದಾದ ಕೆಲಸ.

ಈಗ ಅಸಲು ವಿಷಯ. ಒಂದು ವೇಳೆ ಅಧಿಕಾರ ಸಿಕ್ಕಿತು ಅಂತಲೇ ಇಟ್ಟುಕೊಳ್ಳೋಣ, ಕೇಳುವುದು ಏನನ್ನು? ಯುರೋಪ್ ಹುರಿಯದ ಕಾಫಿ ಬೀಜಕ್ಕೆ ಆಮದು ಸುಂಕವನ್ನೇ ಹಾಕುವುದಿಲ್ಲ. ಹಾಸನ, ಚಿಕ್ಕಮಗಳೂರಿನಲ್ಲಿ ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ನಿಂದ ಮಂಗಳೂರು ಬಂದರಿಗೆ ಹೋಗುವ ಮೂಟೆಗಳಲ್ಲಿ ಇರುವುದೇ ಆ ಬೀಜ. ಅಲ್ಲಿಗೆ ಸುಂಕದ ಮಾತು ಮುಗಿಯಿತು.

ಕಷ್ಟ ಕೊಡುತ್ತಿರುವುದು ಬೇರೆ. ಕಾಡು ಕಡಿದು ಬೆಳೆದ ಕಾಫಿ ನಮಗೆ ಬೇಡ ಅಂತ ಐರೋಪ್ಯ ಒಕ್ಕೂಟ 2023ರಲ್ಲಿ ಕಾನೂನು ಮಾಡಿದೆ. ಜಾರಿ ದಿನಾಂಕ ಮುಂದಕ್ಕೆ ಹೋಗಿದೆ, ಕಾನೂನು ರದ್ದಾಗಿಲ್ಲ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದದ್ದಾಗಿರಬಾರದು. ಯಾವ ತೋಟದ ಬೀಜ ಅಂತ ಅಕ್ಷಾಂಶ, ರೇಖಾಂಶ ಸಮೇತ ತೋರಿಸಬೇಕು. 4 ಹೆಕ್ಟೇರ್ ಒಳಗಿನ ತುಂಡಿಗೆ ಒಂದು ಬಿಂದು ಸಾಕು. ಅದಕ್ಕಿಂತ ದೊಡ್ಡದಕ್ಕೆ, ಅಂದರೆ ಹತ್ತು ಎಕರೆ ಮೇಲ್ಪಟ್ಟದ್ದಕ್ಕೆ, ಬೇಲಿ ಸುತ್ತ ನಡೆದಂತೆ ಪೂರ್ತಿ ಗಡಿ ಗುರುತು ಮಾಡಬೇಕು. ಜೊತೆಗೆ ಜಮೀನು ಬಳಸುವ ಹಕ್ಕೂ ನಮ್ಮ ದೇಶದ ಕಾನೂನಿನ ಪ್ರಕಾರ ಸರಿ ಇರಬೇಕು.

ಇಲ್ಲಿ ಮಲೆನಾಡಿನ ಗತಿ ನಿಮಗೆ ಗೊತ್ತೇ ಇದೆ. ಅಜ್ಜನ ಹೆಸರಲ್ಲೇ ಇರುವ ಪಹಣಿ. ನಾಲ್ವರು ಅಣ್ಣತಮ್ಮಂದಿರ ಜಂಟಿ ಖಾತೆ. ಪೋಡಿ, ಅಂದರೆ ಅಳತೆ ಮಾಡಿ ಪಾಲು ಬೇರೆ ಮಾಡುವುದು, ಆಗಿಲ್ಲ. ತೋಟದ ಅಂಚಿನ ಎರಡೋ ಮೂರೋ ಎಕರೆ ಒತ್ತುವರಿ, ಅದರಲ್ಲೂ ಫಸಲು. ಕೊಯ್ದ ಹಣ್ಣೆಲ್ಲ ಒಂದೇ ಕಣಕ್ಕೆ ಬೀಳುತ್ತದೆ. ಅದರಲ್ಲಿ ಯಾವ ಕಾಳು ಖಾತೆ ಜಮೀನಿನದು, ಯಾವುದು ಒತ್ತುವರಿಯದು ಅಂತ ಯಾರು ಹೇಳಬೇಕು?

ಇದನ್ನು ದೆಹಲಿ ಸರಿಮಾಡಲಾರದು. ಭೂಮಿ, ಭೂದಾಖಲೆ ರಾಜ್ಯ ಪಟ್ಟಿಯ 18 ಮತ್ತು 45ನೇ ನಮೂದು. ಸರ್ವೆ ಮಾಡುವವರು, ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಪೌತಿ ಖಾತೆ ಮಾಡಿಕೊಡುವವರು ರಾಜ್ಯದ ನೌಕರರು. ತೋಟದ ಬೆಳೆ ಇರುವ ಸರ್ಕಾರಿ ಜಾಗದ ಒತ್ತುವರಿಯನ್ನು 25 ಎಕರೆವರೆಗೆ ಗುತ್ತಿಗೆಗೆ ಕೊಡಲು ಭೂಕಂದಾಯ ಕಾಯ್ದೆಗೆ ತಿದ್ದುಪಡಿ ತಂದದ್ದೂ ಕರ್ನಾಟಕವೇ. ಆ ಗುತ್ತಿಗೆ ಸರಿಯೋ ತಪ್ಪೋ ಅನ್ನುವ ಜಗಳ ಬೇರೆ, ಪರಿಸರದವರ ತಕರಾರಿನಲ್ಲಿ ಹುರುಳಿದೆ. ಹಾಗಾಗಿ ಕಾಫಿಗೋಸ್ಕರ ರಾಜ್ಯ ಸರ್ಕಾರವನ್ನು ಏನು ಕೇಳಬೇಕು ಅಂದರೆ, ರೋಮ್‌ಗೆ ನಿಯೋಗ ಕಳಿಸಿ ಅನ್ನುವುದಕ್ಕಿಂತ ಮೊದಲು ತಾಲ್ಲೂಕು ಕಚೇರಿಗೆ ಇನ್ನಷ್ಟು ಸರ್ವೇಯರ್‌ಗಳನ್ನು ಕಳಿಸಿ ಅಂತ ಕೇಳಬೇಕು. ನಿಮ್ಮ ತೋಟ ಹತ್ತು ಎಕರೆಗಿಂತ ಜಾಸ್ತಿ ಇದ್ದು ಪೋಡಿ ಬಾಕಿ ಇದ್ದರೆ, ಈ ಕೊಯ್ಲಿಗೆ ಮುಂಚೆ ಅರ್ಜಿ ಹಾಕಿಬಿಡಿ.